‘ಹಸುರು ಹೊನ್ನು’ ಆಯ್ತು, ಮುಂದೆ ಯಾವುದು? ಬಿ.ಜಿ.ಎಲ್. ಸ್ವಾಮಿಯವರನ್ನು ಪೂರ್ತಿ ಓದುವ ಬಗ್ಗೆ

ಕಾಡುಮಲ್ಲಿಗೆ, ತುಮಕೂರು

ಎಲ್ಲರಿಗೂ ನಮಸ್ಕಾರ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮೂರನೇ ಸಲ ಓದಿ ನಿನ್ನೆ ರಾತ್ರಿ ಮುಗಿಸಿದೆ.

ಮೊದಲ ಸಲ ಓದಿದ್ದು ಪಿಯುಸಿಯಲ್ಲಿ. ಲ್ಯಾಟಿನ್ ಹೆಸರು ಬಂದ ಕಡೆಯೆಲ್ಲ ಹಾರಿಸಿಕೊಂಡು, ಮೇಷ್ಟ್ರು ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋದಾಗಿನ ತಮಾಷೆಗಳನ್ನಷ್ಟೇ ಓದಿ ನಕ್ಕಿದ್ದೆ. ಎರಡನೇ ಸಲ ಓದಿದ್ದು ಟೀಚರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಈ ಸಲ ಮಾತ್ರ ನಿಧಾನವಾಗಿ ಓದಿದೆ. ಚಿತ್ರ ಬಂದಾಗಲೆಲ್ಲ ನಿಲ್ಲಿಸಿ, ಎಲೆಯ ನರ ಹೇಗೆ ಹರಡಿದೆ, ಹೂವು ಎಲ್ಲಿಂದ ಹೊರಟಿದೆ ಅಂತ ನೋಡಿದೆ. ಆ ಗೆರೆಚಿತ್ರಗಳನ್ನೂ ಸ್ವಾಮಿಯವರೇ ಬರೆದದ್ದು ಅಲ್ವಾ? ಫೋಟೊದಲ್ಲಿ ಕಾಣದ್ದು ಅವುಗಳಲ್ಲಿ ಕಾಣುತ್ತದೆ.

ಬೆಳಿಗ್ಗೆ ಶಾಲೆಗೆ ಹೋದೆ. ನಮ್ಮ ಕಾಂಪೌಂಡಿನ ಉದ್ದಕ್ಕೂ ಕಂಬದ ಹಾಗೆ ನೆಟ್ಟಗೆ ಬೆಳೆದ ಮರಗಳಿವೆ. ಎಲೆಯ ಅಂಚು ಅಲೆಅಲೆಯಾಗಿ ಜೋತುಬಿದ್ದಿರುತ್ತದೆ. ಅವನ್ನು ಊರೆಲ್ಲ ಅಶೋಕ ಅನ್ನುತ್ತಾರೆ. ನಾನೂ ಎಷ್ಟೋ ವರ್ಷದಿಂದ ಮಕ್ಕಳಿಗೆ ಹಾಗೇ ಹೇಳಿಕೊಟ್ಟಿದ್ದೇನೆ. ಆದರೆ ರಾಮಾಯಣದ ಅಶೋಕ ಅದಲ್ಲ. ನಿಜವಾದ ಅಶೋಕದ ಹೂವು ಕಿತ್ತಳೆ ಕೆಂಪು. ಗೊಂಚಲು ಗೊಂಚಲಾಗಿ ಹಳೇ ಕೊಂಬೆಗಳ ಮೇಲೆ, ಕಾಂಡದ ಮೇಲೂ ಬಿಡುತ್ತದೆ. ಅದು ಹುಣಸೆ, ಅವರೆಗಳ ಬಳಗಕ್ಕೆ ಸೇರಿದ ಮರ. ನಮ್ಮ ಕಾಂಪೌಂಡಿನದು ಸೀತಾಫಲದ ಬಳಗದ್ದು. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಇಷ್ಟು ವರ್ಷ ದಿನಾ ಅದರ ನೆರಳಲ್ಲೇ ಪ್ರಾರ್ಥನೆಗೆ ನಿಂತಿದ್ದೇವೆ, ಒಂದು ಸಲವೂ ತಲೆಯೆತ್ತಿ ಹೂವು ನೋಡಿರಲಿಲ್ಲ. ಈ ಸಲ ನೋಡಿದೆ. ಎಲೆಯದೇ ಬಣ್ಣದ ಸಣ್ಣ ಹಸಿರು ನಕ್ಷತ್ರಗಳು.

ಹಾಗೆ ತಲೆಯೆತ್ತಿ ನೋಡುವಂತೆ ಮಾಡಿದ್ದು ಸ್ವಾಮಿಯವರು. ಅದಕ್ಕೇ ಅವರನ್ನು ಪೂರ್ತಿ ಓದಬೇಕು ಅನ್ನಿಸಿದೆ. ಆದರೆ ನನ್ನ ಹತ್ತಿರ ಇರುವುದು ಇದೊಂದೇ ಪುಸ್ತಕ. ಮುಂದೆ ಯಾವುದು ಹಿಡಿಯಲಿ? ಎಲ್ಲವೂ ಗಿಡಮರದ ಪುಸ್ತಕಗಳೇನಾ?

ಅವೆನ್ಯೂ ರೋಡ್ ಓದುಗ, ಬೆಂಗಳೂರು

ಮೇಡಂ, ನಿಮ್ಮ ಅಶೋಕದ ಮಾತು ಓದಿ ತುಂಬಾ ಖುಷಿಯಾಯಿತು.

ಎಲ್ಲವೂ ಗಿಡಮರದ್ದಲ್ಲ. ನನ್ನ ಕಪಾಟಿನಲ್ಲಿ ಅವರ ಪುಸ್ತಕಗಳು ಮೂರು ಗುಂಪಾಗಿ ಕೂತಿವೆ. ಗಿಡಮರದ್ದು ಒಂದು ಗುಂಪು. ‘ಹಸುರು ಹೊನ್ನು’, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’, ‘ಫಲಶ್ರುತಿ’, ಆಮೇಲೆ ನಶೆ ಏರಿಸುವ ಗಿಡಗಳ ಮೇಲಿನ ‘ಸಾಕ್ಷಾತ್ಕಾರದ ದಾರಿಯಲ್ಲಿ’. ಇದೇ ಗುಂಪಿನಲ್ಲಿ ‘ದೌರ್ಗಂಧಿಕಾಪಹರಣ’ವೂ ಇದೆ. ಭೀಮ ದ್ರೌಪದಿಗಾಗಿ ಸೌಗಂಧಿಕಾ ಪುಷ್ಪ ತಂದ ಕತೆ ಗೊತ್ತಲ್ವಾ, ಅದನ್ನೇ ತಿರುಗಿಸಿ ಇಟ್ಟ ಹೆಸರು. ನಮ್ಮ ಪುರಾಣ ಅವರಿಗೆ ಎಷ್ಟು ಸಲೀಸು ಅನ್ನೋದು ಹೆಸರಲ್ಲೇ ಗೊತ್ತಾಗುತ್ತದೆ.

ಎರಡನೆಯದು ಕಾಲೇಜಿನ ಗುಂಪು. ‘ಪ್ರಾಧ್ಯಾಪಕನ ಪೀಠದಲ್ಲಿ’, ‘ಕಾಲೇಜು ತರಂಗ’, ‘ಕಾಲೇಜು ರಂಗ’. ಕೊನೆಯದನ್ನು ಪುಟ್ಟಣ್ಣ ಕಣಗಾಲ್ 1976ರಲ್ಲಿ ಸಿನಿಮಾ ಮಾಡಿದರು. ಮೂರನೆಯದು ಊರು ಮತ್ತು ಜನರ ಗುಂಪು. ‘ಅಮೆರಿಕದಲ್ಲಿ ನಾನು’, ‘ತಮಿಳು ತಲೆಗಳ ನಡುವೆ’, ‘ಪಂಚಕಲಶಗೋಪುರ’, ‘ಮೈಸೂರು ಡೈರಿ’. ಇವುಗಳಿಂದ ಸ್ವಲ್ಪ ಬೇರೆಯಾಗಿ ‘ಶಾಸನಗಳಲ್ಲಿ ಗಿಡಮರಗಳು’ ಅಂತ ಒಂದಿದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ನೀವು ಟೀಚರ್ ಅಂದಿರಿ. ಹಾಗಾದರೆ ಮುಂದಿನದು ಖಂಡಿತ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ನಾವು ದಿನಾ ತಿನ್ನುವ ಎಷ್ಟು ಕಾಯಿ, ಹಣ್ಣು, ಗೆಡ್ಡೆ ಸಮುದ್ರ ದಾಟಿ ಬಂದವು ಅನ್ನುವುದನ್ನು ಒಂದೊಂದಾಗಿ ತೋರಿಸುತ್ತಾರೆ. ಓದಿದ ಮೇಲೆ ತರಕಾರಿ ಅಂಗಡಿ ಮುಂದೆ ಸುಮ್ನೆ ನಿಲ್ಲೋಕೆ ಆಗಲ್ಲ.

ಗೇರುಹಣ್ಣು, ಕಾರ್ಕಳ

ಆ ಪುಸ್ತಕದ ಹೆಸರು ಕೇಳಿದರೆ ನನಗೆ ಅಜ್ಜಿಯ ತಿಥಿ ಅಡುಗೆಯೇ ನೆನಪಾಗುವುದು.

ನಮ್ಮ ಮನೆಯಲ್ಲಿ ತಿಥಿಯ ದಿನ ಮೆಣಸಿನಕಾಯಿ ಒಲೆಯ ಹತ್ತಿರವೂ ಬರುವಂತಿಲ್ಲ. ಖಾರಕ್ಕೆ ಒಳ್ಳೆಮೆಣಸು. ಬಟಾಟೆ ಇಲ್ಲ, ಟೊಮೇಟೊ ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಬೂದುಗುಂಬಳ, ಇಂಥವೇ. ಚಿಕ್ಕವಳಿದ್ದಾಗ ಯಾಕೆ ಅಂತ ಕೇಳಿದರೆ ‘ಅದು ಪಿತೃಗಳಿಗೆ ಆಗುವುದಿಲ್ಲ ಮಗಾ’ ಅನ್ನುತ್ತಿದ್ದರು. ಸ್ವಾಮಿಯವರ ಪುಸ್ತಕ ಓದಿದ ಮೇಲೆ ಆ ಮಾತು ಬೇರೆ ಥರ ಕೇಳಿಸಿತು. ಆ ಪಿತೃಗಳು ಮೆಣಸಿನಕಾಯಿಯನ್ನು ಕಂಡೇ ಇರಲಿಲ್ಲ! ಅವರ ಕಾಲದಲ್ಲಿ ಇದ್ದ ತರಕಾರಿಯನ್ನೇ ಅವರಿಗೆ ಬಡಿಸುತ್ತಾ ಬಂದಿದ್ದೇವೆ. ಪೋರ್ಚುಗೀಸರು ಬರುವ ಮೊದಲಿನ ಒಂದು ಅಡುಗೆಮನೆ ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಬಾಗಿಲು ತೆರೆಯುತ್ತದೆ. ಇದು ನಾನು ಜೋಡಿಸಿಕೊಂಡ ಅರ್ಥ, ಆದರೆ ಜೋಡಿಸಿಕೊಳ್ಳುವುದನ್ನು ಕಲಿತದ್ದು ಅವರಿಂದ.

ಹೆಸರುಗಳನ್ನು ನೋಡಿ. ಕರಿಮೆಣಸಿಗೆ ಮೊದಲು ಬರೀ ‘ಮೆಣಸು’ ಅನ್ನುತ್ತಿದ್ದರು. ಹೊಸಬನೊಬ್ಬ ಖಾರ ಹೊತ್ತು ಬಂದ, ಅವನಿಗೂ ಅದೇ ಹೆಸರು ಕೊಟ್ಟೆವು. ಹಳೆಯದನ್ನು ಗುರುತಿಸಲು ‘ಕರಿ’, ‘ಒಳ್ಳೆ’ ಅಂತ ಸೇರಿಸಬೇಕಾಯಿತು. ಮನೆ ಮಗನಿಗೇ ಹೊಸ ಹೆಸರು! ಬಟಾಟೆ ಪೋರ್ಚುಗೀಸರ ಮಾತಿನಿಂದಲೇ ಬಂದದ್ದು. ಹಳೇ ಮೈಸೂರಿನವರು ಪಪ್ಪಾಯಿಗೆ ಪರಂಗಿ ಅನ್ನುತ್ತಾರೆ. ಪರಂಗಿ ಅಂದರೆ ಫಿರಂಗಿಯವರು ತಂದದ್ದು. ಸೀಮೆಬದನೆ, ಸೀಮೆಹುಣಸೆಗಳಲ್ಲಿ ‘ಸೀಮೆ’ಯೇ ಸಾಕ್ಷಿ ಹೇಳುತ್ತದೆ. ನನ್ನ ಹೆಸರಿನ ಗೇರೂ ಬ್ರೆಜಿಲ್‌ನಿಂದ ಬಂದದ್ದೇ. ನಮ್ಮ ಗುಡ್ಡೆಗಳಲ್ಲಿ ಹೇಗೆ ಬೆಳೆದು ನಿಂತಿದೆ ಅಂದರೆ, ಹೊರಗಿನದು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ.

ಕೆಂಪು ಗುಂಟೂರಲ್ಲ, ಹಾವೇರಿ

ಅಕ್ಕಾರ, ನಾನು ಬ್ಯಾಡಗಿ ಸೀಮೆಯವನು. ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಒಣಗಿದ ಮೇಲೆ ಸುಕ್ಕು ಬೀಳುತ್ತದೆ, ಆ ಸುಕ್ಕು ನೋಡಿಯೇ ನಮ್ಮ ಕಡೆಯವರು ಗುರುತು ಹಿಡಿಯುತ್ತಾರೆ. ಅದು ಅಮೆರಿಕದಿಂದ ಬಂದದ್ದು ಅಂತ ಮೊದಲು ಓದಿದಾಗ ಒಂಥರಾ ಬೇಜಾರಾಗಿತ್ತು. ಎರಡನೇ ಸಲ ಓದಿದಾಗ ಹೆಮ್ಮೆ ಆಯ್ತು. ಬೀಜ ಹೊರಗಿಂದ ಬಂತು, ಆದರೆ ಬ್ಯಾಡಗಿ ಅನ್ನುವ ತಳಿಯನ್ನು ಆರಿಸಿ, ಉಳಿಸಿ, ಬೆಳೆಸಿದ್ದು ನಮ್ಮ ರೈತರು. ಆ ಆರಿಸುವ ಕೆಲಸ ನಮ್ಮದೇ ಅಲ್ವಾ?

ಹಳೇ ಬಾಟನಿ ಮೇಷ್ಟ್ರು, ಮೈಸೂರು

ಬಹಳ ಒಳ್ಳೆಯ ಮಾತುಗಳು ಬರುತ್ತಿವೆ. ಸ್ವಾಮಿಯವರನ್ನು ಬರೀ ಹಾಸ್ಯದ ಲೇಖಕ ಅಂತ ಓದಿ ಮುಗಿಸುವವರು ಜಾಸ್ತಿ. ಅದಕ್ಕೆ ಅವರ ವಿಜ್ಞಾನದ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು ಅನ್ನಿಸಿತು.

ಅವರು ಮೊದಲು ಹೆಸರು ಮಾಡಿದ್ದು ಆರ್ಕಿಡ್‌ಗಳ ಭ್ರೂಣ ಹೇಗೆ ಬೆಳೆಯುತ್ತದೆ ಅನ್ನುವ ಕೆಲಸದಲ್ಲಿ. 1940ರ ದಶಕದ ಕೊನೆಗೆ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಅನ್ನುವ ದೊಡ್ಡ ವಿದ್ವಾಂಸರ ಜೊತೆ ಕೆಲಸ ಮಾಡಿದರು. ಹೂಬಿಡುವ ಗಿಡಗಳ ಮರಭಾಗದಲ್ಲಿ ನೀರು ಸಾಗಲು ವೆಸೆಲ್ ಅನ್ನುವ ಕೊಳವೆಗಳಿರುತ್ತವೆ. ಸಣ್ಣ ಡಬ್ಬಿಗಳ ತಳ ತೆಗೆದು ಒಂದರ ಮೇಲೊಂದು ಜೋಡಿಸಿದರೆ ಪೈಪು ಆಗುತ್ತದಲ್ಲ, ಹಾಗೆ. ಬೆರಳೆಣಿಕೆಯ ಕೆಲವು ಗಿಡಗಳಲ್ಲಿ ಮಾತ್ರ ಅದು ಕಾಣುವುದಿಲ್ಲ. ಸಾರ್ಕಾಂಡ್ರ ಅನ್ನುವ ಗಿಡ ಅಂಥದ್ದು ಅಂತ ಸ್ವಾಮಿ ಮತ್ತು ಬೈಲಿ 1950ರಲ್ಲಿ ಬರೆದರು. ಆ ಗಿಡದ ಒಂದು ಪ್ರಭೇದಕ್ಕೆ ಸ್ವಾಮಿಯವರು ಗುರುಗಳ ಹೆಸರನ್ನೇ ಇಟ್ಟರು, ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಭಾರತದ ಭ್ರೂಣಶಾಸ್ತ್ರದ ಹಿರಿಯ ಪಂಚಾನನ ಮಹೇಶ್ವರಿಯವರ ಗೌರವಕ್ಕೆ ಇನ್ನೊಂದು ಗಿಡಕ್ಕೆ ಆಸ್ಕರಿನ ಮಹೇಶ್ವರಿಯೈ ಅಂತ ಹೆಸರಿಟ್ಟರು. ಗುರುದಕ್ಷಿಣೆ ಅಂದರೆ ಇದು.

ಕತೆ ಅಲ್ಲಿಗೇ ನಿಲ್ಲಲಿಲ್ಲ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅನ್ನುವ ವಿಜ್ಞಾನಿ ಸಾರ್ಕಾಂಡ್ರದಲ್ಲೂ ವೆಸೆಲ್ ಇದೆ ಅಂತ ತೋರಿಸಿದರು. ಸ್ವಾಮಿಯವರು ತೀರಿಕೊಂಡದ್ದು 1980ರಲ್ಲಿ. ಅವರು ಇದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಸ್ಲೈಡ್ ತರಿಸಿ ತಾವೇ ನೋಡುತ್ತಿದ್ದರು.

ನಾನು ಇಲ್ಲೇ ಮಾನಸಗಂಗೋತ್ರಿಯಲ್ಲಿ ಓದಿದವನು. ವರ್ಷಕ್ಕೊಮ್ಮೆ ಸಸ್ಯ ಸಂಗ್ರಹಕ್ಕೆ ಘಟ್ಟಕ್ಕೆ ಹೋಗುತ್ತಿದ್ದೆವು. ಆಗುಂಬೆ ಮಳೆಯಲ್ಲಿ ಕಾಲಿಗೆ ಹೊಗೆಸೊಪ್ಪಿನ ನೀರು, ಸುಣ್ಣ ಬಳಿದುಕೊಂಡರೂ ಉಂಬಳ ಬಿಡುತ್ತಿರಲಿಲ್ಲ. ಗಿಡ ಕಿತ್ತು ತಂದು ಹಳೇ ಪೇಪರಿನ ನಡುವೆ ಒತ್ತಿಡಬೇಕು. ಅಲ್ಲಿಗೆ ಮುಗಿಯಲಿಲ್ಲ, ದಿನಾ ರಾತ್ರಿ ಒದ್ದೆ ಪೇಪರು ತೆಗೆದು ಒಣ ಪೇಪರು ಹಾಕಬೇಕು. ಎರಡು ದಿನ ಸೋಮಾರಿತನ ಮಾಡಿದರೆ ಬೂಷ್ಟು. ಆ ಗೋಜು, ಆ ನಿದ್ದೆಗೇಡು, ಅದರ ನಡುವೆ ಹುಡುಗರ ಹಾಡು, ಜಗಳ, ಅಡುಗೆಯವನ ಗೊಣಗಾಟ, ಇದೆಲ್ಲ ಕನ್ನಡದಲ್ಲಿ ಹಾಗೆ ಹಾಗೇ ಬಂದಿರುವುದು ‘ಹಸುರು ಹೊನ್ನು’ವಿನಲ್ಲಿ. ನಾವು ಹೋದ ಎಷ್ಟೋ ವರ್ಷಗಳ ಮೊದಲೇ ಯಾರೋ ನಮ್ಮ ಜೊತೆ ನಡೆದು ಬರೆದಿಟ್ಟ ಹಾಗಿದೆ.

ಗೇರುಹಣ್ಣು, ಕಾರ್ಕಳ

ಮೇಷ್ಟ್ರೇ, ಆ ವೆಸೆಲ್ ವಿಷಯ ಇಷ್ಟು ಸುಲಭವಾಗಿ ಯಾರೂ ಹೇಳಿರಲಿಲ್ಲ. ನಮಸ್ಕಾರ.

ಚೆನ್ನೈ ಕನ್ನಡಿಗ

ನಾನು ಮೂವತ್ತು ವರ್ಷದಿಂದ ಮದರಾಸಿನಲ್ಲಿದ್ದೇನೆ. ಸ್ವಾಮಿಯವರು ಪ್ರೊಫೆಸರ್ ಆಗಿ, ಆಮೇಲೆ ಪ್ರಿನ್ಸಿಪಾಲ್ ಆಗಿ ಇದ್ದ ಪ್ರೆಸಿಡೆನ್ಸಿ ಕಾಲೇಜು ಮರೀನಾ ಬೀಚಿನ ಎದುರಿಗೇ ಇದೆ. ಆ ಕೆಂಪು ಕಟ್ಟಡದ ಮುಂದೆ ಬಸ್ಸು ಹಾದಾಗಲೆಲ್ಲ ಅವರ ನೆನಪಾಗುತ್ತದೆ. 1840ರಲ್ಲಿ ಶುರುವಾದ ಕಾಲೇಜು. ನೀಲಗಿರಿಯ ಗಿಡಗಳ ಬಗ್ಗೆ ಬರೆದ ಫೈಸನ್ ಕೂಡ ಹಿಂದೆ ಅಲ್ಲೇ ಪಾಠ ಮಾಡಿದವರು. ಅಂಥ ಜಾಗಕ್ಕೆ ನಮ್ಮ ಬೆಂಗಳೂರಿನ ಹುಡುಗ ಹೋಗಿ ಕೂತದ್ದು ಸಣ್ಣ ಮಾತಲ್ಲ.

ಆದರೆ ‘ತಮಿಳು ತಲೆಗಳ ನಡುವೆ’ ಬಗ್ಗೆ ನನಗೊಂದು ಕಷ್ಟ ಇದೆ. ಅದನ್ನು ಪ್ರೀತಿಯಿಂದಲೇ ಹೇಳುತ್ತೇನೆ. ಭಾಷೆಯ ಅಭಿಮಾನ ಅತಿಯಾದಾಗ ವಿದ್ವಾಂಸರೂ ಹೇಗೆ ಸಾಕ್ಷಿ ಇಲ್ಲದೆ ಮಾತಾಡುತ್ತಾರೆ ಅನ್ನುವುದನ್ನು ಅವರು ಅಲ್ಲಿ ಹಿಡಿದು ತೋರಿಸುತ್ತಾರೆ. ಅದು ಸರಿ. ಅಂಥ ಮಾತು ನಾನೂ ಇಲ್ಲಿ ಕೇಳಿದ್ದೇನೆ, ನಮ್ಮ ಕನ್ನಡದವರ ಬಾಯಲ್ಲೂ ಕೇಳಿದ್ದೇನೆ. ಆದರೆ ನನ್ನ ಅಕ್ಕಪಕ್ಕದ ತಮಿಳರು ಹಾಗಿಲ್ಲ. ನನ್ನ ಮಗಳಿಗೆ ತಿರುಕ್ಕುರಳ್ ಹೇಳಿಕೊಟ್ಟ ಮೇಷ್ಟ್ರು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಜೊತೆಗೆ ಕೂತ ಪಕ್ಕದ ಮನೆಯವರು, ಇವರೂ ತಮಿಳು ತಲೆಗಳೇ. ಪುಸ್ತಕ ಓದುವಾಗ ಇವರ ಮುಖ ಕಣ್ಮುಂದೆ ಬಂದು ಕೆಲವು ಕಡೆ ನಗು ಬರಲಿಲ್ಲ.

ಕಾಲದ ಪ್ರಶ್ನೆ ಇನ್ನೊಂದು. ಸ್ವಾಮಿಯವರು ತೇವಾರ ಅನ್ನುವ ತಮಿಳು ಶಿವಸ್ತುತಿಗಳ ಮೂವರು ಕವಿಗಳ ಕಾಲ, ಹಿಂದೆ ತಮಿಳುನಾಡನ್ನು ಆಳಿದ ಕಳಭ್ರರ ಕಾಲದ ಬಗ್ಗೆಯೆಲ್ಲ ಗಂಭೀರವಾಗಿ ಸಂಶೋಧನೆ ಮಾಡಿದವರು. ತಮಿಳಿನ ಹಳಮೆಯನ್ನು ಸುಲಭಕ್ಕೆ ಒಪ್ಪಲಿಲ್ಲ. ಆದರೆ ಅವರಾದ ಮೇಲೆ ಶಾಸನತಜ್ಞ ಐರಾವತಂ ಮಹಾದೇವನ್ ತಮಿಳು ಬ್ರಾಹ್ಮಿ ಅನ್ನುವ ಹಳೇ ಲಿಪಿಯ ಶಾಸನಗಳನ್ನೆಲ್ಲ ಒಟ್ಟು ಮಾಡಿ 2003ರಲ್ಲಿ ದೊಡ್ಡ ಪುಸ್ತಕ ತಂದರು. ಗುಹೆಗಳಲ್ಲಿ, ಮಡಕೆ ಚೂರುಗಳ ಮೇಲೆ ಕ್ರಿಸ್ತಪೂರ್ವದ ತಮಿಳು ಇದೆ. ಹೊಸಬರು ಸ್ವಾಮಿಯವರನ್ನು ಓದುವಾಗ ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಅಂತ ನನ್ನ ವಿನಂತಿ.

ಅವೆನ್ಯೂ ರೋಡ್ ಓದುಗ, ಬೆಂಗಳೂರು

ಸರ್, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆ ಪುಸ್ತಕವನ್ನು ತಮಿಳರನ್ನು ಆಡಿಕೊಳ್ಳೋಕೆ ಬಳಸುವವರನ್ನು ನಾನೂ ನೋಡಿದ್ದೇನೆ. ಅದು ಸ್ವಾಮಿಯವರಿಗೆ ಮಾಡುವ ಅನ್ಯಾಯ.

ನನಗೆ ಅವರ ಅಷ್ಟೂ ಪುಸ್ತಕಗಳಲ್ಲಿ ಒಂದೇ ದನಿ ಕೇಳಿಸುತ್ತದೆ. ‘ಎಲ್ಲಿ, ತೋರಿಸಿ?’ ಅನ್ನುವ ದನಿ. ಗಿಡದ ಹೆಸರು ಹೇಳಿದರೆ, ಹೂವು ಎಲ್ಲಿ ತೋರಿಸಿ. ಗ್ರಂಥ ಹಳೆಯದು ಅಂದರೆ, ಶಾಸನ ಎಲ್ಲಿ ತೋರಿಸಿ. ಕಾಲೇಜು ಚೆನ್ನಾಗಿ ನಡೀತಿದೆ ಅಂದರೆ, ಪಾಠ ಎಲ್ಲಿ ನಡೀತಿದೆ ತೋರಿಸಿ. ಕಾಡಿನಲ್ಲಿ ಹುಡುಗರನ್ನು ಕೇಳುವ ಪ್ರಶ್ನೆಯನ್ನೇ ವಿದ್ವಾಂಸರ ಸಭೆಯಲ್ಲೂ, ಪ್ರಿನ್ಸಿಪಾಲರ ಕೋಣೆಯಲ್ಲೂ ಕೇಳುತ್ತಾರೆ. ಅದಕ್ಕೇ ಗಿಡಮರ ಗೊತ್ತಿಲ್ಲದವರಿಗೂ ಅವರ ಕಾಲೇಜಿನ ಪುಸ್ತಕ ಹಿಡಿಸುತ್ತದೆ. ಕಾಲೇಜು ಮೆಟ್ಟಿಲು ಹತ್ತದವರಿಗೂ ‘ಹಸುರು ಹೊನ್ನು’ ಹಿಡಿಸುತ್ತದೆ.

ಆಗಲೇ ಹೇಳಿದ ‘ಶಾಸನಗಳಲ್ಲಿ ಗಿಡಮರಗಳು’ ಇದಕ್ಕೆ ಒಳ್ಳೆಯ ಉದಾಹರಣೆ. ನಾವು ಶಾಸನ ಅಂದರೆ ರಾಜ, ಯುದ್ಧ, ದಾನ ಅಂದುಕೊಳ್ಳುತ್ತೇವೆ. ಭೂಮಿ ದಾನ ಕೊಟ್ಟಾಗ ಎಲ್ಲೆ ಹೇಳಬೇಕಲ್ಲ, ಆಗ ಬರುವುದು ಮರ. ಮೂಡಲಿಗೆ ಆಲದ ಮರ, ತೆಂಕಲಿಗೆ ಹುಣಿಸೆ ಮರ, ಈ ಥರ. ರಾಜನ ಬಿರುದುಗಳನ್ನು ಎಲ್ಲರೂ ಓದಿದರು. ಆ ಮರವನ್ನು ಓದಬೇಕು ಅನ್ನಿಸಿದ್ದು ಬಾಟನಿ ಗೊತ್ತಿದ್ದ, ಹಳಗನ್ನಡವೂ ಗೊತ್ತಿದ್ದ ಒಬ್ಬರಿಗೆ. ಎರಡೂ ಒಂದೇ ತಲೆಯಲ್ಲಿ ಇರುವುದು ಅಪರೂಪ.

ನಿಮ್ಮ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ ಅನ್ನಿಸುತ್ತದೆ ಸರ್. ಅವರು ಕಲಿಸಿದ ಪ್ರಶ್ನೆಯನ್ನು ಅವರಿಗೇ ಕೇಳಬಹುದು. ಮಹಾದೇವನ್ ಅವರ ಪುಸ್ತಕ ‘ಇಗೋ ಇಲ್ಲಿ’ ಅಂತ ತೋರಿಸುತ್ತದೆ. ಸಾರ್ಕಾಂಡ್ರದ ವಿಷಯದಲ್ಲಿ ಮೇಷ್ಟ್ರು ಹೇಳಿದ್ದೂ ಅದೇ ಅಲ್ವಾ?

ಚೆನ್ನೈ ಕನ್ನಡಿಗ

ಒಪ್ಪಿದೆ. ಆದರೂ ಧಾಟಿಯ ಪ್ರಶ್ನೆ ಉಳಿಯುತ್ತದೆ. ಸಾಕ್ಷಿ ಕೇಳುವುದು ಒಂದು, ಕೇಳುವಾಗ ಎದುರಿನವರ ಮನಸ್ಸು ನೋಡಿಕೊಳ್ಳುವುದು ಇನ್ನೊಂದು. ‘ಹಸುರು ಹೊನ್ನು’ವಿನಲ್ಲಿ ತಪ್ಪು ಹೇಳಿದ ಹುಡುಗನ ಬಗ್ಗೆಯೂ ಅಕ್ಕರೆ ಇದೆ. ಇಲ್ಲಿ ಅಷ್ಟು ಇಲ್ಲ. ಅದಕ್ಕೇ ನನಗೆ ಅದು ಹತ್ತಿರ, ಇದು ಸ್ವಲ್ಪ ದೂರ.

ಬಸವನಗುಡಿ ಬೀದಿ

ಅಪ್ಪನ ಬಗ್ಗೆ ಯಾರೂ ಹೇಳಲೇ ಇಲ್ಲ! ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಮಗ. ಡಿವಿಜಿಯವರಿಗೆ 1967ರಲ್ಲಿ ಗೀತೆಯ ಮೇಲಿನ ‘ಜೀವನಧರ್ಮಯೋಗ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಗನಿಗೆ 1978ರಲ್ಲಿ ‘ಹಸುರು ಹೊನ್ನು’ಗೆ ಬಂತು. ಅಪ್ಪ ಗೀತೆಗೆ, ಮಗ ಗಿಡಗಳಿಗೆ. ಆದರೆ ಮಗನ ಪ್ರಶಸ್ತಿ ನೋಡಲು ಡಿವಿಜಿ ಇರಲಿಲ್ಲ, 1975ರಲ್ಲೇ ತೀರಿಕೊಂಡಿದ್ದರು.

ನನಗೆ ಇಬ್ಬರಲ್ಲೂ ಇಷ್ಟವಾಗುವುದು ಮನುಷ್ಯರ ಚಿತ್ರ ಬರೆಯುವ ಶಕ್ತಿ. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟ ಇದೆ. ದಿವಾನರಿಂದ ಹಿಡಿದು ಬೀದಿಯ ಸಾಮಾನ್ಯರ ತನಕ ಅಲ್ಲಿ ಇದ್ದಾರೆ. ಅದನ್ನೂ ಸ್ವಾಮಿಯವರು ಹಿರಿಯ ಸಾಹಿತಿಗಳ ಬಗ್ಗೆ ಬರೆದ ‘ಪಂಚಕಲಶಗೋಪುರ’ವನ್ನೂ ಒಟ್ಟಿಗೆ ಓದಿ. ಅಪ್ಪನದು ಕೈಮುಗಿದು ನಿಂತು ನೋಡುವ ನೋಟ. ಮಗನದು ಅದೇ ಮನೆಯಲ್ಲಿ ಓಡಾಡಿಕೊಂಡಿದ್ದ ಹುಡುಗನ ನೋಟ. ಗೌರವಕ್ಕೆ ಎಲ್ಲೂ ಕೊರತೆಯಿಲ್ಲ. ಆದರೆ ದೊಡ್ಡವರು ಹೇಗೆ ಕೂರುತ್ತಿದ್ದರು, ಹೇಗೆ ರೇಗುತ್ತಿದ್ದರು ಅನ್ನುವುದೂ ಅವರ ಕಣ್ಣು ತಪ್ಪಿಸಿಕೊಂಡಿಲ್ಲ.

ಇನ್ನೊಂದು ವಿಷಯ. ನಮ್ಮ ಬೀದಿಯಲ್ಲೇ ಪ್ರತಿ ವರ್ಷ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹೊಲದ ಕಡಲೆಕಾಯಿ ತಿನ್ನುತ್ತಿದ್ದ ಬಸವ ಕಲ್ಲಾದ, ಅವನಿಗೆ ಕೆಂಪೇಗೌಡರು ಗುಡಿ ಕಟ್ಟಿಸಿದರು ಅಂತ ಚಿಕ್ಕಂದಿನಿಂದ ಕೇಳಿದ ಕತೆ. ಗುಡಿ ಕಟ್ಟಿದ್ದು 1537ರಲ್ಲಿ ಅನ್ನುತ್ತಾರೆ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದು. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು 1492, ಪೋರ್ಚುಗೀಸರು ಗೋವಾ ಹಿಡಿದದ್ದು 1510. ಅಷ್ಟು ಬೇಗ ನಮ್ಮ ಸುಂಕೇನಹಳ್ಳಿ ಹೊಲಕ್ಕೆ ಕಡಲೆಕಾಯಿ ಬಂದುಬಿಟ್ಟಿತ್ತಾ? ಇಲ್ಲ ಕತೆ ಆಮೇಲೆ ಹುಟ್ಟಿತಾ? ಪರಿಷೆ ನನಗೆ ಪ್ರಾಣ, ಒಂದು ವರ್ಷವೂ ತಪ್ಪಿಸಿಲ್ಲ. ಬಸವನಿಗೆ ಕಾಯಿ ಅರ್ಪಿಸುವಾಗಲೂ ಈ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಎರಡೂ ಒಟ್ಟಿಗೆ ಇರಬಹುದು ಅಂತ ಸ್ವಾಮಿಯವರನ್ನು ಓದಿದ ಮೇಲೆ ಧೈರ್ಯ ಬಂದಿದೆ.

ಸಂಪಿಗೆ ಮರ, ಬಾಸ್ಟನ್

ಎಲ್ಲರಿಗೂ ದೂರದಿಂದ ನಮಸ್ಕಾರ. ‘ಅಮೆರಿಕದಲ್ಲಿ ನಾನು’ ಓದಿದ್ದು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ. ಅಮ್ಮ ಬ್ಯಾಗಿನಲ್ಲಿ ಹುಳಿಪುಡಿ, ಚಟ್ನಿಪುಡಿ ಜೊತೆ ಇಟ್ಟು ಕಳಿಸಿದ್ದರು. ನನಗಿಂತ ಎಷ್ಟೋ ದಶಕ ಮೊದಲು ಇದೇ ಊರಿಗೆ ಬಂದ ಒಬ್ಬ ಕನ್ನಡಿಗ, ಬೆರಗಾಗಿ ಆದರೆ ಬಗ್ಗದೆ, ಸುತ್ತಲಿನದನ್ನೆಲ್ಲ ನೋಡಿ ಬರೆದಿದ್ದಾರೆ. ಹಿಮ ಬೀಳುತ್ತಿದ್ದ ಆ ರಾತ್ರಿಗಳಲ್ಲಿ ಅದು ನನಗೆ ಎಷ್ಟು ಆಸರೆ ಆಯ್ತು ಅಂತ ಹೇಳೋಕೆ ಬರಲ್ಲ.

ಇಲ್ಲಿ ಹಾರ್ವರ್ಡ್‌ನ ಆರ್ನಾಲ್ಡ್ ಆರ್ಬೊರೇಟಂ ಅನ್ನುವ ದೊಡ್ಡ ಮರಗಳ ತೋಟ ಇದೆ, 1872ರದ್ದು. ಯಾರು ಬೇಕಾದರೂ ಹೋಗಬಹುದು, ದುಡ್ಡಿಲ್ಲ. ಸಾರ್ಕಾಂಡ್ರದ ಲೇಖನ ಅಚ್ಚಾದದ್ದು ಆ ತೋಟದ ಪತ್ರಿಕೆಯಲ್ಲೇ. ಏಪ್ರಿಲ್‌ನಲ್ಲಿ ಅಲ್ಲಿ ಮ್ಯಾಗ್ನೋಲಿಯ ಬಿರಿಯುತ್ತದೆ. ಎಲೆ ಬರುವ ಮೊದಲೇ ಬರೀ ಕೊಂಬೆ ಮೇಲೆ ಹೂವು. ಅದು ನಮ್ಮ ಸಂಪಿಗೆಯ ನೆಂಟ ಅಂತ ಮಗಳಿಗೆ ಹೇಳಿದೆ. ಅವಳು ಸಂಪಿಗೆಯನ್ನು ಅಜ್ಜಿಯ ಮುಡಿಯಲ್ಲಿ ಮಾತ್ರ ನೋಡಿದ್ದಾಳೆ. ಮರದ ಕೆಳಗೆ ನಿಂತು ತುಂಬಾ ಹೊತ್ತು ಮೂಸಿದಳು. ‘ಅಜ್ಜಿ ವಾಸನೆ ಇಲ್ಲ’ ಅಂದಳು. ಆದರೆ ಉದುರಿದ ಹೂವಿನ ನಡುವಿನ ದಿಂಡನ್ನು ನೋಡಿ, ಸಂಪಿಗೆಯದೂ ಹೀಗೇ ಇರುತ್ತೆ ಅಂತ ಅವಳೇ ಗುರುತು ಹಿಡಿದಳು.

ಬಸವನಗುಡಿ ಬೀದಿ

ಸಂಪಿಗೆಯವರೇ, ನಿಮ್ಮ ಮಗಳಿಗೆ ನಮ್ಮ ಕಡೆಯಿಂದ ಒಂದು ಸಂಪಿಗೆ ಹೂವು!

ಮೇಷ್ಟ್ರನ್ನು ಒಂದು ಕೇಳಬೇಕಿತ್ತು. ಸೋಮನಾಥಪುರದ ಗುಡಿಯಲ್ಲಿ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆ ಇದೆ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಜೋಳ ಇಲ್ಲಿತ್ತು ಅಂತ ಎಲ್ಲೋ ಓದಿದೆ. ಇದಕ್ಕೆ ಸ್ವಾಮಿಯವರು ಏನಾದರೂ ಹೇಳಿದ್ದಾರಾ?

ಹಳೇ ಬಾಟನಿ ಮೇಷ್ಟ್ರು, ಮೈಸೂರು

ಆ ಚರ್ಚೆ ಜೋರಾದದ್ದು ಅವರು ಹೋದ ಮೇಲೆ. 1989ರಲ್ಲಿ ಕಾರ್ಲ್ ಜೋಹಾನೆಸನ್ ಮತ್ತು ಆನ್ ಪಾರ್ಕರ್ ಅನ್ನುವವರು ಹೊಯ್ಸಳ ಗುಡಿಗಳ ಶಿಲ್ಪದ ಕೈಯಲ್ಲಿರುವುದು ಮುಸುಕಿನ ಜೋಳವೇ ಅಂತ ಬರೆದರು. ಸಾಲು ಸಾಲು ಕಾಳು, ತೆನೆಯ ಆಕಾರ, ಸಿಪ್ಪೆಯ ಹಾಗೆ ಕಾಣುವುದು, ಇವೆಲ್ಲ ಅವರ ವಾದ. ನಮ್ಮಲ್ಲಿನ ಜೋಳದ ತಜ್ಞರು ಒಪ್ಪಲಿಲ್ಲ. ಅದು ಮುತ್ತು ಜೋಡಿಸಿದ ಮುಕ್ತಾಫಲ, ಶಿಲ್ಪಿಯ ಕಲ್ಪನೆಯ ಹಣ್ಣು ಅಂದರು. 13ನೇ ಶತಮಾನದ ಮುಸುಕಿನ ಜೋಳದ ಒಂದು ಕಾಳೂ ನಮ್ಮ ಮಣ್ಣಿನಲ್ಲಿ ಸಿಕ್ಕಿಲ್ಲ. ಅದನ್ನು ಹೆಸರಿಸುವ ಶಾಸನವೂ ಇಲ್ಲ. ನಾನು ಎರಡನೇ ಗುಂಪಿನ ಕಡೆ.

ಆದರೂ ಒಂದು ಭಾನುವಾರ ಭೂತಗನ್ನಡಿ ಹಿಡಿದು ಸೋಮನಾಥಪುರಕ್ಕೆ ಹೋಗಿದ್ದೆ. ಒಂದೊಂದು ಶಿಲ್ಪದ ಕೈಯಲ್ಲಿರುವುದನ್ನೂ ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ. ಎರಡು ಒಂದೇ ಥರ ಇರಲಿಲ್ಲ. ಶಾಸನ ಬಲ್ಲ, ಶಿಲ್ಪ ಬಲ್ಲ, ತೆನೆಯ ಒಳರಚನೆಯೂ ಬಲ್ಲ ಒಬ್ಬರು ಅವತ್ತು ಪಕ್ಕದಲ್ಲಿ ಇರಬೇಕಿತ್ತು ಅಂತ ಬಹಳ ಅನ್ನಿಸಿತು.

ಕೆಂಪು ಗುಂಟೂರಲ್ಲ, ಹಾವೇರಿ

ಮೇಷ್ಟ್ರ, ಆ ನೋಟ್‌ಬುಕ್ಕಿನ ಚಿತ್ರಗಳನ್ನು ನಮಗೂ ತೋರಿಸಬೇಕ್ರಿ.

ಕಾಡುಮಲ್ಲಿಗೆ, ತುಮಕೂರು

ಎರಡು ವಾರ ಬರೆಯೋಕೆ ಆಗಲಿಲ್ಲ, ಕ್ಷಮಿಸಿ. ಅವೆನ್ಯೂ ರೋಡ್ ಸರ್ ಹೇಳಿದ ಪುಸ್ತಕ ತರಿಸಿಕೊಂಡು ಓದಿದೆ. ನಿಮಗೆಲ್ಲ ಒಂದು ವಿಷಯ ಹೇಳಲೇಬೇಕು.

ಶನಿವಾರ ಏಳನೇ ತರಗತಿ ಮಕ್ಕಳ ಜೊತೆ ಒಂದು ಕೆಲಸ ಮಾಡಿದೆ. ಬಿಸಿಯೂಟದ ಸಾಂಬಾರಿಗೆ ಏನೇನು ಹಾಕಿದ್ದಾರೆ ಅಂತ ಅಡುಗೆಯವರನ್ನು ಕೇಳಿಕೊಂಡು ಬನ್ನಿ ಅಂದೆ. ಬಂದು ಬೋರ್ಡಿನ ಮೇಲೆ ಬರೆದರು. ತೊಗರಿಬೇಳೆ, ಆಲೂಗೆಡ್ಡೆ, ಬದನೆಕಾಯಿ, ಟೊಮೇಟೊ, ನುಗ್ಗೆಕಾಯಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಅರಿಶಿನ, ಕರಿಬೇವು. ಸಮುದ್ರ ದಾಟಿ ಬಂದವಕ್ಕೆ ಗೆರೆ ಎಳೆಯೋಣ ಅಂದೆ. ಆಲೂಗೆಡ್ಡೆ ಹೋಯಿತು, ಟೊಮೇಟೊ ಹೋಯಿತು, ಮೆಣಸಿನಕಾಯಿ ಹೋಯಿತು. ಮೆಣಸಿನಕಾಯಿಗೆ ಗೆರೆ ಎಳೆದಾಗ ಕ್ಲಾಸೆಲ್ಲ ‘ಅಯ್ಯೋ’ ಅಂತು. ತೊಗರಿ ನಮ್ಮದೇ ಅಂದಾಗ ಚಪ್ಪಾಳೆ. ಬದನೆ, ನುಗ್ಗೆ, ಅರಿಶಿನ, ಕರಿಬೇವು ಉಳಿದವು.

ಹುಣಸೆಗೆ ಬಂದಾಗ ಒಬ್ಬ ಹುಡುಗ ಎದ್ದು ನಿಂತು, ‘ಮಿಸ್, ಅದು ನಮ್ಮೂರ ದೇವಸ್ಥಾನದ ಹಿಂದೇನೇ ಇದೆ, ನಮ್ಮ ತಾತನಿಗಿಂತ ಹಳೇದು’ ಅಂದ. ತುಮಕೂರು ಸೀಮೆಯಲ್ಲಿ ಹುಣಸೆ ಇಲ್ಲದ ಊರೇ ಇಲ್ಲ. ಅರಬರು ಅದನ್ನು ‘ಹಿಂದ್ ದೇಶದ ಖರ್ಜೂರ’ ಅಂತ ಕರೆದರು, ಇಂಗ್ಲಿಷಿನ ಹೆಸರೂ ಅಲ್ಲಿಂದಲೇ ಬಂತು. ಆದರೂ ಮೂಲದಲ್ಲಿ ಅದು ಆಫ್ರಿಕಾದ ಮರ. ಮೆಣಸಿನಕಾಯಿಯ ಹಾಗೆ ಮೊನ್ನೆ ಮೊನ್ನೆ ಬಂದದ್ದಲ್ಲ, ಶಾಸನದಲ್ಲಿ ಎಲ್ಲೆ ಕಾಯುವಷ್ಟು ಹಿಂದೆಯೇ ಬಂದು ನೆಲೆಸಿದೆ. ಇದನ್ನು ಹೇಳಿದಾಗ ಕ್ಲಾಸು ಸುಮ್ಮನಾಯಿತು.

ಆಮೇಲೆ ಹಿಂದಿನ ಬೆಂಚಿನ ಒಂದು ಹುಡುಗಿ, ಸಾಮಾನ್ಯವಾಗಿ ಬಾಯಿ ಬಿಡದವಳು, ನಿಧಾನವಾಗಿ ಕೇಳಿದಳು. ‘ಮಿಸ್, ರಾಗಿ?’

ರಾಗಿಯೂ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು. ಸಾವಿರಾರು ವರ್ಷದ ಹಿಂದೆ ಬಂದದ್ದು. ಅದು ನನಗೆ ಗೊತ್ತಿತ್ತು. ಆದರೆ ಅವಳ ಮುಖ ನೋಡಿ ತಕ್ಷಣ ಹೇಳಲಿಲ್ಲ. ಅವರ ಹೊಲದಲ್ಲಿ ಈಗ ರಾಗಿ ತೆನೆ ಕಟ್ಟಿದೆ. ಸೋಮವಾರ ಒಂದು ತೆನೆ ಕಿತ್ತುಕೊಂಡು ಬಾ, ಎಲ್ಲರೂ ಸೇರಿ ಮೊದಲು ಚಿತ್ರ ಬರೆಯೋಣ, ಆಮೇಲೆ ಅದು ಎಲ್ಲಿಂದ ಬಂತು ಅಂತ ಹೇಳುತ್ತೇನೆ ಅಂದಿದ್ದೇನೆ.

ಮೇಷ್ಟ್ರೇ, ರಾಗಿ ತೆನೆಯ ಹೂವು ತುಂಬಾ ಸಣ್ಣದು ಅಲ್ವಾ? ಶಾಲೆಯಲ್ಲಿ ಇರುವುದು ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಒಂದೇ. ಮಕ್ಕಳಿಗೆ ಯಾವ ಭಾಗ ತೋರಿಸಲಿ, ಹೇಗೆ ಬಿಡಿಸಲಿ ಅಂತ ಭಾನುವಾರ ರಾತ್ರಿಯೊಳಗೆ ತಿಳಿಸುತ್ತೀರಾ?